ಲಂಡನ್ನಿನ ಖಾತೆ, ಹುಮನಾಬಾದಿನ ಹುಡುಗಿ

ಮಕ್ಕಳೇ, ಈ ವಾರ ಮೊದಲು ಒಂದು ಲೆಕ್ಕ. ಕಾಗದ, ಪೆನ್ಸಿಲ್ ತಗೊಳ್ಳಿ. ಮೊಬೈಲು ಅಜ್ಜನ ಕೈಯಲ್ಲಿ ಕೊಡಿ.

ಒಂದು ಬ್ಯಾಂಕಿನಲ್ಲಿ 10 ಲಕ್ಷ ಪೌಂಡು ಇದೆ. 71 ವರ್ಷ ಅದನ್ನು ಯಾರೂ ತೆಗೆಯಲಿಲ್ಲ. ಕೊನೆಗೆ ನೋಡಿದರೆ ಅದು ಬೆಳೆದು ಸುಮಾರು 3 ಕೋಟಿ 50 ಲಕ್ಷ ಪೌಂಡು ಆಗಿತ್ತು. ಸರಾಸರಿ ವರ್ಷಕ್ಕೆ ಎಷ್ಟು ಬಡ್ಡಿ ಬಿದ್ದಂತಾಯಿತು?

ಕೌಂಟರಿನಲ್ಲಿ ಕೂತವರಿಗೆ ಗೊತ್ತಿರುವ ಒಂದು ಉಪಾಯ ಹೇಳಿಕೊಡುತ್ತೇನೆ. 10 ಲಕ್ಷ ಒಮ್ಮೆ ಇಮ್ಮಡಿಯಾದರೆ 20, ಮತ್ತೊಮ್ಮೆ 40, ಆಮೇಲೆ 80, 160, 320. ಐದು ಸಲ ಇಮ್ಮಡಿಯಾಗಿ ಇನ್ನೂ ಸ್ವಲ್ಪ ಮುಂದೆ ಹೋಗಿದೆ. 71 ವರ್ಷದಲ್ಲಿ ಐದು ಸಲ ಎಂದರೆ ಹೆಚ್ಚುಕಡಿಮೆ 14 ವರ್ಷಕ್ಕೊಮ್ಮೆ. ಈಗ 72ನ್ನು 14ರಿಂದ ಭಾಗಿಸಿ. ಐದು ಚಿಲ್ಲರೆ ಬಂತಲ್ಲ? ಅದೇ ಬಡ್ಡಿ ದರ, ಶೇಕಡಾ 5ಕ್ಕಿಂತ ತುಸು ಹೆಚ್ಚು. ಚಕ್ರಬಡ್ಡಿಯ ಲೆಕ್ಕಕ್ಕೆ 72 ಎಂಬ ಸಂಖ್ಯೆ ಹೀಗೆ ಕೈಗೆ ಬರುತ್ತದೆ. ಅಜ್ಜಂದಿರಲ್ಲಿ ಫಿಕ್ಸೆಡ್ ಡಿಪಾಸಿಟ್ ಇಟ್ಟವರಿಗೂ ಇದು ಉಪಯೋಗ.

ಈ ಲೆಕ್ಕ ನಾನು ಕಟ್ಟಿದ್ದಲ್ಲ. ಖಾತೆ ನಿಜವಾಗಿಯೂ ಇತ್ತು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಬ್ಯಾಂಕಿನಲ್ಲಿ ಇತ್ತು, ಅದರ ಹಣ ಹೈದರಾಬಾದಿನ ನಿಜಾಮರ ಸರ್ಕಾರದ್ದು. ಆಗ ನಮ್ಮ ಬಸವಕಲ್ಯಾಣ ಇನ್ನೂ ಬರೀ ಕಲ್ಯಾಣಿ. ಅದೂ, ಹುಮನಾಬಾದೂ, ಇಡೀ ಬೀದರ್ ಜಿಲ್ಲೆಯೂ ನಿಜಾಮರ ಸಂಸ್ಥಾನದೊಳಗೆ ಇದ್ದವು. ಅಂದರೆ ಆ 10 ಲಕ್ಷದಲ್ಲಿ ನಮ್ಮ ಹೊಲಗಳ ಕಂದಾಯವೂ ಒಂದಷ್ಟು ಸೇರಿರಲೇಬೇಕು.

1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಹೈದರಾಬಾದ್ ಸಂಸ್ಥಾನದೊಳಗೆ ಬಂತು. ಮುಖ್ಯ ಪಡೆ ಬಂದದ್ದು ಸೊಲ್ಲಾಪುರದ ಕಡೆಯಿಂದ, ನಳದುರ್ಗ, ಉಮರ್ಗಾ, ರಾಜೇಶ್ವರ, ಜಹೀರಾಬಾದ್ ದಾರಿಯಲ್ಲಿ. ಹುಮನಾಬಾದಿನಲ್ಲಿ ಇಂದು ಲಾರಿಗಳು ಸಾಲುಗಟ್ಟಿ ಹೋಗುವ ಹೆದ್ದಾರಿ ಇದೆಯಲ್ಲ, ಅದೇ. ಸೆಪ್ಟೆಂಬರ್ 17ಕ್ಕೆ ನಿಜಾಮರು ಕದನ ನಿಲ್ಲಿಸಲು ಹೇಳಿದರು. ಪ್ರತಿ ವರ್ಷ ಆ ದಿನ ನೀವು ಶಾಲೆಯಲ್ಲಿ ಧ್ವಜ ಹಾರಿಸುತ್ತೀರಿ.

ಆ ಗದ್ದಲದ ದಿನಗಳಲ್ಲೇ ನಿಜಾಮರ ಸಚಿವ ಮೊಯಿನ್ ನವಾಜ್ ಜಂಗ್ ಆ ಖಾತೆಯ ಹಣವನ್ನು, 10,07,940 ಪೌಂಡು 9 ಶಿಲ್ಲಿಂಗನ್ನು, ಲಂಡನ್ನಿನಲ್ಲಿದ್ದ ಪಾಕಿಸ್ತಾನದ ಹೈಕಮಿಷನರ್ ರಹೀಮ್‌ತೂಲಾ ಅವರ ಹೆಸರಿನ ಖಾತೆಗೆ ವರ್ಗಾಯಿಸಿಬಿಟ್ಟರು. ಕೆಲವೇ ದಿನಗಳಲ್ಲಿ ನಿಜಾಮರು, "ನನ್ನ ಒಪ್ಪಿಗೆ ಇಲ್ಲದೆ ಮಾಡಿದ್ದು, ಹಣ ವಾಪಸು ಕೊಡಿ" ಎಂದರು. ಬ್ಯಾಂಕು, ಈಗ ಖಾತೆ ಯಾರ ಹೆಸರಿನಲ್ಲಿದೆಯೋ ಅವರು ಒಪ್ಪದೆ ಕೊಡಲಾಗದು ಎಂದಿತು. ಕಟ್ಟುನಿಟ್ಟು ಎನಿಸಬಹುದು. ಆದರೆ ನನ್ನ ಕೌಂಟರಿಗೆ ಬಂದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಸಹಿ ಮಾಡುವ ಅಧಿಕಾರ ಇದ್ದವನು ಸಹಿ ಮಾಡಿದ್ದಾನೆ, ಹಣ ಇನ್ನೊಬ್ಬನ ಖಾತೆಗೆ ಬಿದ್ದಿದೆ. ಇನ್ನು ಗುಮಾಸ್ತನ ಕೈಯಲ್ಲಿ ಏನೂ ಇಲ್ಲ.

ನಿಜಾಮರು ಇಂಗ್ಲೆಂಡಿನ ಕೋರ್ಟಿಗೆ ಹೋದರು. ಅದು ಅಲ್ಲಿನ ಹೌಸ್ ಆಫ್ ಲಾರ್ಡ್ಸ್‌ವರೆಗೆ ಏರಿತು. 1957ರಲ್ಲಿ ತೀರ್ಪು ಬಂತು: ಹಣದ ಹಿಂದೆ ಇನ್ನೊಂದು ದೇಶದ ಸರ್ಕಾರ ನಿಂತಿದೆ, ಆ ಸರ್ಕಾರ ಒಪ್ಪದೆ ಅದನ್ನು ನಮ್ಮ ಕೋರ್ಟಿಗೆ ಎಳೆಯಲಾಗದು. ಒಂದು ಊರಿನ ಗೌಡ ಇನ್ನೊಂದು ಊರಿನ ಗೌಡನನ್ನು ತನ್ನ ಚಾವಡಿಗೆ ಕರೆಸಿ ವಿಚಾರಣೆ ಮಾಡುವ ಹಾಗಿಲ್ಲ ಎಂಬಂಥ ನಿಯಮ ಇದು. ಹಣ ಅಲ್ಲೇ ಕೂತಿತು. ನಿಜಾಮರು 1967ರಲ್ಲಿ ತೀರಿಕೊಂಡರು. 2013ರಲ್ಲಿ ಪಾಕಿಸ್ತಾನ ತಾನೇ ಹಣ ಕೇಳಿ ಕೋರ್ಟಿಗೆ ಹೋಯಿತು. ಹಾಗೆ ಹೋದದ್ದರಿಂದ, 'ನಮ್ಮನ್ನು ವಿಚಾರಿಸುವಂತಿಲ್ಲ' ಎನ್ನುವ ಹಕ್ಕು ಕೈಬಿಟ್ಟಿತು. ಆಮೇಲೆ ಕೇಸು ಹಿಂತೆಗೆಯಲು ನೋಡಿದರೂ ನ್ಯಾಯಾಧೀಶರು ಬಿಡಲಿಲ್ಲ. 2019ರ ಅಕ್ಟೋಬರ್ 2ರಂದು ನ್ಯಾಯಮೂರ್ತಿ ಮಾರ್ಕಸ್ ಸ್ಮಿತ್ ತೀರ್ಪು ಕೊಟ್ಟರು: ಹಣದ ನಿಜವಾದ ಹಕ್ಕುದಾರರು ನಿಜಾಮರು, ಆದ್ದರಿಂದ ಅದು ಅವರ ಮೂಲಕ ಹಕ್ಕು ಕೇಳುತ್ತಿರುವ ಅವರ ಇಬ್ಬರು ಮೊಮ್ಮಕ್ಕಳಿಗೂ ಭಾರತಕ್ಕೂ ಸೇರಬೇಕು. ಆ ಹೊತ್ತಿಗೆ ಅದು ನಮ್ಮ ರೂಪಾಯಿಯಲ್ಲಿ 300 ಕೋಟಿ ದಾಟಿತ್ತು.

ಇದನ್ನೆಲ್ಲ ನಾನು ಯಾಕೆ ಓದಿಕೊಂಡೆ ಎಂದು ಕೇಳುತ್ತೀರಿ. ಹುಮನಾಬಾದಿನಲ್ಲಿರುವ ನನ್ನ ತಮ್ಮನ ಮೊಮ್ಮಗಳಿಂದ. ವಯಸ್ಸು 24. ಕಲಬುರಗಿಯಲ್ಲಿ ರಾಜ್ಯಶಾಸ್ತ್ರದ ಎಂ.ಎ. ಮುಗಿಸಿದ್ದಾಳೆ. ಈಗ ಅಂತರರಾಷ್ಟ್ರೀಯ ಸಂಬಂಧಗಳು ಮತ್ತು ರಾಜತಂತ್ರದಲ್ಲಿ ಪಿಎಚ್.ಡಿ. ಮಾಡುತ್ತೇನೆ ಎಂದು ಹಟ ಹಿಡಿದಿದ್ದಾಳೆ. 1948ರಲ್ಲಿ ಹೈದರಾಬಾದಿನ ಪ್ರಶ್ನೆ ಹೊರದೇಶಗಳ ಮುಂದೆ ಹೋದದ್ದೇ ಅವಳ ವಿಷಯ. ಮನೆಯಲ್ಲಿ ಅಪ್ಪ, ಅವ್ವ, ಮುತ್ಯಾ, ಆಯಿ ನಾಲ್ವರೂ ನಾಲ್ಕು ಮಾತು ಆಡಿದರು. ಕೊನೆಗೆ, "ನೀ ಬ್ಯಾಂಕಿನಾಂವ, ಲೆಕ್ಕ ಹಾಕಿ ಹೇಳಪ್ಪ" ಎಂದು ನನಗೇ ಗಂಟು ಹಾಕಿದರು. ಬಸವಕಲ್ಯಾಣದಿಂದ ಬಸ್ಸು ಹತ್ತಿ ಹೋದೆ.

ನನ್ನ ತಮ್ಮನ ಹೆಂಡತಿಯದೇ ಮೊದಲ ಪ್ರಶ್ನೆ. "ಭಾವಾರ, ಆರು ವರ್ಷ ಓದಿ ಆಕಿಗಿ ಒಂದು ಸೂಜಿ ಹಾಕ್ಲಕ್ಕೂ ಬರಂಗಿಲ್ಲ ಅಂದ್ರ ಅದೆಂಥ ಡಾಕ್ಟರಕಿ?"

ಮಕ್ಕಳಲ್ಲಿಯೂ ಈ ಅನುಮಾನ ಇರಬಹುದು, ಆದ್ದರಿಂದ ಹೇಳಿಬಿಡುತ್ತೇನೆ. ಡಾಕ್ಟರ್ ಎಂಬುದು ಲ್ಯಾಟಿನ್ ಭಾಷೆಯ ಮಾತು, ಕಲಿಸುವವನು ಎಂದು ಅರ್ಥ. ಪಿಎಚ್.ಡಿ. ಎಂದರೆ ಇದ್ದ ಪುಸ್ತಕ ಓದಿ ಪರೀಕ್ಷೆ ಬರೆಯುವುದಲ್ಲ. ಯಾವ ಪುಸ್ತಕದಲ್ಲೂ ಉತ್ತರ ಇಲ್ಲದ ಒಂದು ಪ್ರಶ್ನೆ ಹಿಡಿದು, ಕಾಗದಪತ್ರ ಹುಡುಕಿ, ಉತ್ತರ ತಾನೇ ಕಟ್ಟಿ, ಒಂದು ದೊಡ್ಡ ಪ್ರಬಂಧ ಬರೆಯುವುದು. ಮೊದಲು ಕೆಲವು ತಿಂಗಳು ಸಂಶೋಧನೆ ಮಾಡುವ ಬಗೆಯನ್ನೇ ಪಾಠದಂತೆ ಕಲಿಸುತ್ತಾರೆ. ದಾರಿ ತೋರಿಸಲು ಒಬ್ಬ ಗೈಡ್ ಇರುತ್ತಾರೆ. ಬರೆದು ಮುಗಿದ ಮೇಲೆ ಹೊರಗಿನ ಪರೀಕ್ಷಕರು ಓದುತ್ತಾರೆ, ಎದುರು ಕೂಡಿಸಿಕೊಂಡು ಬಾಯಿಮಾತಿನಲ್ಲಿ ಪ್ರಶ್ನೆ ಕೇಳುತ್ತಾರೆ. ಯುಜಿಸಿ ನಿಯಮದಂತೆ ಕನಿಷ್ಠ 3 ವರ್ಷ, ಸಾಮಾನ್ಯವಾಗಿ ಹೆಚ್ಚೆಂದರೆ 6 ವರ್ಷ.

ಆಮೇಲೆ ಅವಳ ಅಪ್ಪ. ಹೆದ್ದಾರಿ ಪಕ್ಕ ಕಿರಾಣಿ ಅಂಗಡಿ ಅವನದು. "ದೊಡ್ಡಪ್ಪ, ಇದು ಮುಗಿಸಿದ್ರ ಆಕಿ ಫಾರಿನ್ನಿನ್ಯಾಗ ರಾಯಭಾರಿ ಆಗ್ತಾಳೇನು?"

ಇಲ್ಲ ಎಂದೆ. ಹುಡುಗಿ ನನ್ನನ್ನು ಕಣ್ಣರಳಿಸಿ ನೋಡಿದಳು, ಆದರೆ ಸುಳ್ಳು ಹೇಳಿ ಸಾಲ ಮಂಜೂರು ಮಾಡಿಸುವ ಚಾಳಿ ನನಗಿಲ್ಲ. ರಾಯಭಾರ ಕಚೇರಿಗೆ ಹೋಗುವ ದಾರಿ ಬೇರೆ. ಅದಕ್ಕೆ ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆ ಬರೆದು ಭಾರತೀಯ ವಿದೇಶಾಂಗ ಸೇವೆಗೆ ಆಯ್ಕೆಯಾಗಬೇಕು, ಆ ಪರೀಕ್ಷೆಗೆ ಒಂದು ಪದವಿ ಇದ್ದರೆ ಸಾಕು. ನನ್ನ ಬಿ.ಕಾಂ. ಕೂಡ ಸಾಕಾಗುತ್ತಿತ್ತು! ಮಂಗಳೂರು ಕಡೆಯ ಬೆನಗಲ್ ನರಸಿಂಗ ರಾಯರು 1950ರ ಜೂನ್‌ನಲ್ಲಿ, ಕೊರಿಯಾದ ಯುದ್ಧ ಶುರುವಾದಾಗ, ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಧ್ಯಕ್ಷ ಪೀಠದಲ್ಲಿದ್ದರು. ಅವರು ಬಂದದ್ದು ಐಸಿಎಸ್ ಸೇವೆಯಿಂದ. ಈಗಿನ ವಿದೇಶಾಂಗ ಸಚಿವ ಎಸ್. ಜೈಶಂಕರ್ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಇದೇ ವಿಷಯದಲ್ಲಿ ಪಿಎಚ್.ಡಿ. ಮಾಡಿದವರು ಹೌದು, ಆದರೆ ವಿದೇಶಾಂಗ ಸೇವೆ ಸೇರಿದ್ದು ಅದೇ ಲೋಕಸೇವಾ ಆಯೋಗದ ಪರೀಕ್ಷೆಯಿಂದ. ಎರಡೂ ಬೇರೆ ಬೇರೆ ಖಾತೆ. ಪಿಎಚ್.ಡಿ. ಮಾಡಿದವರಿಗೆ ಕಾಲೇಜು, ವಿಶ್ವವಿದ್ಯಾಲಯ, ಸಂಶೋಧನಾ ಸಂಸ್ಥೆ, ಪತ್ರಿಕೆ ಇಂಥ ಕಡೆ ಕೆಲಸ ಸಿಗಬಹುದು. ಸಿಗದೆಯೂ ಇರಬಹುದು.

"ಮತ್ತ ಖರ್ಚು?" ಎಂದ. ಅಲ್ಲಿ ನನ್ನ ನಿಜವಾದ ಕೆಲಸ ಶುರುವಾಯಿತು.

ಯುಜಿಸಿಯ ನೆಟ್ ಪರೀಕ್ಷೆಯಲ್ಲಿ ಮೇಲಿನ ಸಾಲಿನಲ್ಲಿ ಬಂದವರಿಗೆ ಜೆಆರ್‌ಎಫ್ ಎಂಬ ಫೆಲೋಶಿಪ್ ಇದೆ. ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಅದು ಸಿಕ್ಕಿದ್ದರೆ ಮನೆಯಲ್ಲಿ ಜಗಳವೇ ಇರುತ್ತಿರಲಿಲ್ಲ. ನಮ್ಮ ಹುಡುಗಿಗೆ ಸಿಕ್ಕಿಲ್ಲ. ಅವಳು ಪಿಎಚ್.ಡಿ. ಪ್ರವೇಶಕ್ಕೆ ಅರ್ಹಳು ಎಂಬ ಸಾಲಿನಲ್ಲಿ ಬಂದಿದ್ದಾಳೆ. ಪ್ರವೇಶಕ್ಕೆ ಆ ಅಂಕಕ್ಕೆ ಶೇ 70, ಸಂದರ್ಶನಕ್ಕೆ ಶೇ 30 ತೂಕ. ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕರೆ, ಜೆಆರ್‌ಎಫ್ ಇಲ್ಲದವರಿಗೆ ತಿಂಗಳಿಗೆ 8,000 ಕೊಡುತ್ತಾರೆ. ವರ್ಷಕ್ಕೆ 96,000. ದೆಹಲಿಯಲ್ಲೋ ಹೈದರಾಬಾದಿನಲ್ಲೋ ಹಾಸ್ಟೆಲ್ ಸಿಕ್ಕರೆ ಊಟ, ಬಸ್ಸು, ಪುಸ್ತಕದ ಖರ್ಚನ್ನು ಅದರಲ್ಲಿ ಎಳೆದಾಡಿ ಕಳೆಯಬಹುದು. ಹಾಸ್ಟೆಲ್ ಸಿಗದಿದ್ದರೆ ಅಂಗಡಿಯ ಗಲ್ಲಾಪೆಟ್ಟಿಗೆಯಿಂದ ಪ್ರತಿ ತಿಂಗಳೂ ಹೋಗಬೇಕು. ಅದನ್ನು ಕಾಗದದ ಮೇಲೆ ಬರೆದು ಅವನ ಮುಂದಿಟ್ಟೆ. ನೆಟ್ ವರ್ಷಕ್ಕೆ ಎರಡು ಸಲ ನಡೆಯುತ್ತದೆ, ಜೆಆರ್‌ಎಫ್‌ಗೆ 30 ವರ್ಷದ ಮಿತಿಯಲ್ಲಿ ಹೆಣ್ಣುಮಕ್ಕಳಿಗೆ 5 ವರ್ಷ ಸಡಿಲಿಕೆ ಇದೆ, ಆದ್ದರಿಂದ ಸೇರಿದ ಮೇಲೂ ಬರೆದು ಗೆಲ್ಲಬಹುದು ಎಂದೂ ಕೆಳಗೆ ಬರೆದೆ. ಇನ್ನೊಂದು ಸಾಲನ್ನು ಕೆಂಪು ಶಾಯಿಯಲ್ಲಿ ಬರೆದೆ: ಈಗಿನ ಅಂಕ ಪಿಎಚ್.ಡಿ. ಪ್ರವೇಶಕ್ಕೆ ಒಂದು ವರ್ಷ ಮಾತ್ರ ಚಾಲ್ತಿ. ಆಮೇಲೆ ಮತ್ತೆ ಪರೀಕ್ಷೆ.

ಚೆಕ್ಕಿನ ಅವಧಿಯಂತೆ ಇದು. ಮನೆಯವರಿಗೆ ನಿಧಾನವಾಗಿ ವಿಚಾರ ಮಾಡೋಣ ಎನ್ನುವ ಸೌಕರ್ಯ ಇಲ್ಲ.

ಊಟ ಆದ ಮೇಲೆ ಹುಡುಗಿ ನನ್ನ ಪಕ್ಕ ಕೂತು ತನ್ನ ಫೈಲು ತೆಗೆದಳು. "ದೊಡ್ಡ ಮುತ್ಯಾ, ರೊಕ್ಕದ ಮಾತು ಆಯ್ತು. ಈಗ ವಿಷಯ ಕೇಳ್ರಿ." ನಾನೂ ಇದಕ್ಕೇ ಕಾಯುತ್ತಿದ್ದೆ.

ಅವಳು ಹೇಳಿದ್ದು ಹೀಗೆ. 1948ರ ಆಗಸ್ಟ್ 21ರಂದು ನಿಜಾಮರ ಸರ್ಕಾರ ವಿಶ್ವಸಂಸ್ಥೆಗೆ ತಂತಿ ಕಳಿಸಿತು, ಭಾರತ ನಮ್ಮ ಮೇಲೆ ಒತ್ತಡ ಹಾಕುತ್ತಿದೆ ಎಂದು ದೂರು. ಭದ್ರತಾ ಮಂಡಳಿ ಅದನ್ನು ಎತ್ತಿಕೊಂಡದ್ದು ಸೆಪ್ಟೆಂಬರ್ 16ರಂದು, ಪ್ಯಾರಿಸ್ಸಿನಲ್ಲಿ. ಅಷ್ಟರಲ್ಲಿ ಸೈನ್ಯ ಹುಮನಾಬಾದಿನ ರಸ್ತೆಯಲ್ಲಿತ್ತು! ಹೈದರಾಬಾದಿನ ಪರ ಮಾತಾಡಿದವರು ಹಣ ವರ್ಗಾಯಿಸಿದರಲ್ಲ, ಅದೇ ಮೊಯಿನ್ ನವಾಜ್ ಜಂಗ್. ಭಾರತದ ಪರ ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್. ಮೊದಲಿಯಾರರ ವಾದದ ತಿರುಳು: ಹೈದರಾಬಾದ್ ಒಂದು ಸ್ವತಂತ್ರ ದೇಶವೇ ಅಲ್ಲ, ಆದ್ದರಿಂದ ಈ ದೂರನ್ನು ಕೇಳುವ ಅಧಿಕಾರ ಮಂಡಳಿಗೆ ಇಲ್ಲ. ಸೆಪ್ಟೆಂಬರ್ 22ಕ್ಕೆ ನಿಜಾಮರೇ ದೂರು ಹಿಂತೆಗೆದುಕೊಂಡರು. ಆದರೂ 1949ರ ಮೇ ತಿಂಗಳವರೆಗೆ ಅಲ್ಲಿ ಮಾತು ನಡೆಯಿತು. ಆಮೇಲೆ ಮುಗಿಯಿತು ಎಂದು ಗೆರೆ ಎಳೆಯದೆ, ಮಂಡಳಿಯ ಪಟ್ಟಿಯಲ್ಲಿ ದಶಕಗಳ ಕಾಲ ಅದು ಹಾಗೆಯೇ ಉಳಿಯಿತು. ನಮ್ಮ ಸಸ್ಪೆನ್ಸ್ ಅಕೌಂಟ್ ಇದ್ದಂತೆ. ಬ್ಯಾಂಕಿನವರಿಗೆ ಅದು ಅರ್ಥವಾಗುತ್ತದೆ.

"ಹಂಗಾದ್ರ ದೇಶ ಅಂದ್ರ ಏನು, ಮುತ್ಯಾ?" ಎಂದು ಕೇಳಿದಳು.

ಮಕ್ಕಳೇ, ನೀವೇ ಯೋಚಿಸಿ. 1933ರಲ್ಲಿ ಮಾಂಟೆವಿಡಿಯೋ ಎಂಬ ಊರಿನಲ್ಲಿ ಆದ ಒಪ್ಪಂದ ನಾಲ್ಕು ಗುರುತು ಹೇಳುತ್ತದೆ: ಜನ ಇರಬೇಕು, ನೆಲ ಇರಬೇಕು, ಸರ್ಕಾರ ಇರಬೇಕು, ಬೇರೆ ದೇಶಗಳೊಡನೆ ವ್ಯವಹಾರ ನಡೆಸುವ ಶಕ್ತಿ ಇರಬೇಕು. ಹೈದರಾಬಾದಿಗೆ ಮೊದಲ ಮೂರೂ ಇದ್ದವು. ಸ್ವಂತ ಟಪಾಲು, ಸ್ವಂತ ರೈಲು, ಸ್ವಂತ ನಾಣ್ಯ. ನಾಲ್ಕನೆಯದರಲ್ಲಿ ಎಲ್ಲ ಜಗಳ. ಬ್ರಿಟಿಷರ ಕಾಲದಲ್ಲಿ ಹೊರದೇಶದ ವ್ಯವಹಾರ ಅವರ ಕೈಯಲ್ಲಿತ್ತು. ಅವರು ಹೋದ ಮೇಲೆ 1947ರ ನವೆಂಬರ್ 29ರಂದು ನಿಜಾಮರು ಭಾರತದೊಡನೆ ಯಥಾಸ್ಥಿತಿ ಒಪ್ಪಂದ ಮಾಡಿಕೊಂಡರು, ಹಳೆಯ ವ್ಯವಸ್ಥೆಯೇ ಒಂದು ವರ್ಷ ನಡೆಯಲಿ ಎಂದು.

ಸ್ವಂತ ನಾಣ್ಯದ ಮಾತು ಬಂದಾಗ ನನ್ನ ತಮ್ಮನೂ ಬಾಯಿ ಹಾಕಿದ. ನಮ್ಮ ಅಪ್ಪ ಹೇಳುತ್ತಿದ್ದದ್ದು ಅವನಿಗೂ ನೆನಪಿದೆ. ನಿಜಾಮರ ರೂಪಾಯಿಗೆ ಹಾಲಿ ಸಿಕ್ಕಾ ಎನ್ನುತ್ತಿದ್ದರು, ಬ್ರಿಟಿಷ್ ಇಂಡಿಯಾದ ರೂಪಾಯಿಗೆ ಕಲ್ದಾರ. 7 ಹಾಲಿಗೆ 6 ಕಲ್ದಾರ. ನೂರು ಕಲ್ದಾರಕ್ಕೆ 116 ಹಾಲಿ, 10 ಆಣೆ, 8 ಪೈ. (ಮಕ್ಕಳೇ, ರೂಪಾಯಿಗೆ 16 ಆಣೆ, ಆಣೆಗೆ 12 ಪೈ. 7ನ್ನು 6ರಿಂದ ಭಾಗಿಸಿ 100ರಿಂದ ಗುಣಿಸಿ, ಸರಿಯಾಗಿ ಬರುತ್ತದೆಯೇ ನೋಡಿ.) ಕಲ್ಯಾಣಿಯ ಜೋಳ ಸೊಲ್ಲಾಪುರದ ಅಡತಿಗೆ ಹೋಗಬೇಕಾದರೆ ಗಡಿಯಲ್ಲಿ ಕರೋಡಗಿರಿ ನಾಕಾ ದಾಟಬೇಕು, ಸುಂಕ ಕಟ್ಟಬೇಕು, ಸಿಕ್ಕ ಕಲ್ದಾರವನ್ನು ಹಾಲಿಗೆ ತಿರುಗಿಸಿಕೊಳ್ಳಬೇಕು. ವಿದೇಶಿ ವಿನಿಮಯ ಎಂದು ನಾನು ಬ್ಯಾಂಕಿನ ಪರೀಕ್ಷೆಗೆ ಓದಿದ್ದನ್ನು ನಮ್ಮ ಹಿರಿಯರು ಎತ್ತಿನ ಬಂಡಿಯ ಮೇಲೆ ಕೂತು ಮಾಡುತ್ತಿದ್ದರು.

ಹುಡುಗಿ ಇದನ್ನೆಲ್ಲ ಬರೆದುಕೊಂಡಳು. ತಮ್ಮನಿಗೆ ಹಿಗ್ಗೋ ಹಿಗ್ಗು. ಆಗಿನಿಂದ ಅವನು ಸ್ವಲ್ಪ ಅವಳ ಕಡೆ ವಾಲಿದ ಎಂದು ನನ್ನ ಅನುಮಾನ.

ಅಂತರರಾಷ್ಟ್ರೀಯ ಸಂಬಂಧ ಎಂದರೆ ದೆಹಲಿಯವರ ಓದು, ಬೀದರ್ ಕಡೆಯವರಿಗೆ ಯಾಕೆ ಎಂದು ಅಂದೇ ಒಬ್ಬ ನೆಂಟರು ಮೂಗು ಮುರಿದರು. ದೆಹಲಿಯಲ್ಲಿ ಅದಕ್ಕೆಂದೇ ಇಂಡಿಯನ್ ಸ್ಕೂಲ್ ಆಫ್ ಇಂಟರ್‌ನ್ಯಾಷನಲ್ ಸ್ಟಡೀಸ್ ಶುರುವಾದದ್ದು 1955ರಲ್ಲಿ, ಅದು 1970ರಲ್ಲಿ ಜೆಎನ್‌ಯು ಜೊತೆ ಸೇರಿತು. ಅಲ್ಲಿಗೆ ಅವರ ಮಾತು ಸರಿ. ಆದರೆ ನಮ್ಮ ಕಲ್ಯಾಣದಲ್ಲಿ ಈ ಕೆಲಸಕ್ಕೆ ಒಂದು ಹುದ್ದೆಯೇ ಇತ್ತು, ಅದೂ 900 ವರ್ಷಕ್ಕಿಂತ ಹಿಂದೆ. ಕಲ್ಯಾಣದ ಚಾಲುಕ್ಯರ ಶಾಸನಗಳಲ್ಲಿ ಸಂಧಿವಿಗ್ರಹಿ ಎಂಬ ಅಧಿಕಾರಿ ಬರುತ್ತಾನೆ. ಕನ್ನಡ ಸಂಧಿವಿಗ್ರಹಿ, ಲಾಳ ಸಂಧಿವಿಗ್ರಹಿ ಎಂದು ಬೇರೆ ಬೇರೆ ಸೀಮೆಗೆ ಬೇರೆ ಬೇರೆ. ಲಾಳ ಎಂದರೆ ಗುಜರಾತಿನ ದಕ್ಷಿಣ ಭಾಗ. ಸಂಧಿ ಎಂದರೆ ಕೂಡಿಕೊಳ್ಳುವುದು, ವಿಗ್ರಹ ಎಂದರೆ ಬೇರೆಯಾಗುವುದು, ಜಗಳ. ಶಾಲೆಯ ಮಕ್ಕಳಿಗೆ ಇದು ಹೊಸದಲ್ಲ: ಎರಡು ಪದ ಕೂಡಿಸಿದರೆ ಸಂಧಿ, ಸಮಾಸ ಬಿಡಿಸಿ ಬರೆದರೆ ವಿಗ್ರಹವಾಕ್ಯ. ವ್ಯಾಕರಣದ ಮೇಷ್ಟ್ರು ಪದಗಳಿಗೆ ಮಾಡುವುದನ್ನು ಆ ಅಧಿಕಾರಿ ರಾಜ್ಯಗಳಿಗೆ ಮಾಡುತ್ತಿದ್ದ.

ಕಲ್ಯಾಣದ ದೊರೆ ಮೂರನೆಯ ಸೋಮೇಶ್ವರ ಸುಮಾರು 1129ರಲ್ಲಿ ಬರೆದ ಸಂಸ್ಕೃತದ ಮಾನಸೋಲ್ಲಾಸದಲ್ಲಿ ಅಡುಗೆ, ಆನೆ, ಆಟಗಳ ಜೊತೆ ರಾಜ್ಯ ಕಾಯುವ ಬಗೆಯೂ ಇದೆ. ಹಿಂದಿನವರು ರಾಜನಿಗೆ ಹೇಳಿದ ಆರು ಉಪಾಯಗಳನ್ನು ನಿಮ್ಮ ಶಾಲೆಯ ಮೈದಾನಕ್ಕೆ ತಂದು ನೋಡಿ. ಎದುರು ತಂಡದೊಡನೆ ಒಪ್ಪಂದ ಮಾಡಿಕೊಂಡರೆ ಸಂಧಿ. ಜಗಳಕ್ಕೆ ನಿಂತರೆ ವಿಗ್ರಹ. ಬ್ಯಾಟು ಹಿಡಿದು ಅವರ ಓಣಿಗೇ ಹೊರಟರೆ ಯಾನ. ಸುಮ್ಮನೆ ಕೂತು ಅವರೇನು ಮಾಡುತ್ತಾರೆ ನೋಡಿದರೆ ಆಸನ. ಹತ್ತನೆಯ ಇಯತ್ತೆಯ ದೊಡ್ಡ ಹುಡುಗರ ಆಸರೆ ಪಡೆದರೆ ಸಂಶ್ರಯ. ಒಬ್ಬನ ಜೊತೆ ಗೆಳೆತನ, ಇನ್ನೊಬ್ಬನ ಜೊತೆ ಜಗಳ, ಎರಡೂ ಒಟ್ಟಿಗೆ ನಡೆಸಿದರೆ ದ್ವೈಧೀಭಾವ. 1948ರಲ್ಲಿ ನಿಜಾಮರ ಸರ್ಕಾರ ಒಂದು ವರ್ಷದೊಳಗೆ ಈ ಆರರಲ್ಲಿ ಯಾವ ಯಾವುದನ್ನು ಮಾಡಿತು ಎಂದು ಅಜ್ಜಂದಿರು ಲೆಕ್ಕ ಹಾಕಲಿ. ನನಗೆ ನಾಲ್ಕಂತೂ ಸಿಕ್ಕವು.

ಇನ್ನೊಂದು ಮಾತು. ಹುಮನಾಬಾದ್ ತಾಲ್ಲೂಕಿನ ಜಲಸಂಗವಿಯ ಗುಡಿಗೆ ಹೋಗದವರು ಒಮ್ಮೆ ಹೋಗಿ. ಹೊರಗೋಡೆಯ ಮೇಲೆ ಒಬ್ಬ ಹೆಣ್ಣುಮಗಳ ಶಿಲ್ಪ ಇದೆ, ಅವಳು ನಿಂತು ಶಾಸನ ಬರೆಯುತ್ತಿದ್ದಾಳೆ. ಅದರಲ್ಲಿರುವುದು ಚಾಲುಕ್ಯ ವಿಕ್ರಮಾದಿತ್ಯನ ಹೊಗಳಿಕೆ. ಹುಡುಗಿಯ ಫೈಲಿನ ಮೇಲೆ ಅದರ ಫೋಟೋ ಅಂಟಿಸಿದೆ. ಅವಳ ಆಯಿ ಅದನ್ನು ದೇವರ ಪಟ ಎಂದುಕೊಂಡು ಕೈ ಮುಗಿದಿದ್ದರಂತೆ.

ಈಗ ಕಷ್ಟದ ಭಾಗ. ಒಬ್ಬ ಹಿರಿಯ ಪ್ರಾಧ್ಯಾಪಕರನ್ನು ಅವಳು ಮೊದಲೇ ಕಂಡು ಬಂದಿದ್ದಳು. ಅವರು, "ನಿಜಾಮ, ಸೈನ್ಯ, ವಿಶ್ವಸಂಸ್ಥೆ, ಲಂಡನ್ನಿನ ರೊಕ್ಕ, ಎಲ್ಲ ಒಂದೇ ಚೀಲಕ್ಕೆ ತುಂಬಬೇಡ, ಚೀಲ ಹರಿಯುತ್ತದೆ" ಎಂದರಂತೆ. ಪಿಎಚ್.ಡಿ.ಗೆ ಬೇಕಾದದ್ದು ಒಂದೇ ಪ್ರಶ್ನೆ, ಅದೂ ಕಾಗದಪತ್ರದಿಂದ ಉತ್ತರಿಸಲು ಬರುವ ಪ್ರಶ್ನೆ. ಅವಳು ಈಗ ಹೀಗೆ ಇಳಿಸಿಕೊಂಡಿದ್ದಾಳೆ: ಹೈದರಾಬಾದ್ ತಾನು ದೇಶ ಎಂದು ಹೇಳಿದಾಗ, ಉಳಿದ ದೇಶಗಳು ಅದನ್ನು ಒಪ್ಪಲು, ಒಪ್ಪದಿರಲು ಏನೇನು ನೋಡಿದವು? ಇದು ಒಳ್ಳೆಯ ಪ್ರಶ್ನೆ ಎಂದು ನನಗೂ ಅನ್ನಿಸಿತು. ಇಂದಿಗೂ ಜಗತ್ತಿನಲ್ಲಿ ತೈವಾನ್, ಕೊಸೊವೊ, ಪ್ಯಾಲೆಸ್ತೀನ್ ಎಂದು ಕೆಲವರು ದೇಶ ಎನ್ನುವ, ಕೆಲವರು ಅಲ್ಲ ಎನ್ನುವ ನಾಡುಗಳಿವೆಯಲ್ಲ.

ಕಾಗದಗಳು ಎಲ್ಲಿವೆ? ಕೆಲವು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ, ಕೆಲವು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ, ವಿಶ್ವಸಂಸ್ಥೆಯದು ಅದರ ದಾಖಲೆಗಳಲ್ಲಿ. ನಿಜಾಮರ ಸರ್ಕಾರದ ಕಡತಗಳು ಹೈದರಾಬಾದಿನಲ್ಲಿರುವ ತೆಲಂಗಾಣ ರಾಜ್ಯ ಪತ್ರಾಗಾರದಲ್ಲಿ ರಾಶಿ ರಾಶಿ ಇವೆ. ಹುಮನಾಬಾದಿನಿಂದ ಹೈದರಾಬಾದ್ ಒಂದು ಬಸ್ಸಿನ ದಾರಿ. ಆದರೆ ಅಲ್ಲಿ ಬಹಳಷ್ಟು ಉರ್ದುವಿನಲ್ಲಿದೆ. ಅವಳಿಗೆ ಮಾತಾಡಲು ಬರುತ್ತದೆ, ನಮ್ಮ ಊರಿನವರಿಗೆಲ್ಲ ಬರುತ್ತದೆ, ಓದಲು ಬರುವುದಿಲ್ಲ. ನಮ್ಮ ಅಪ್ಪನ ಕಾಲದಲ್ಲಿ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಕಚೇರಿಯಲ್ಲಿ ಉರ್ದು. ಶಾಲೆಯೂ ಉರ್ದುವಿನಲ್ಲೇ. ಅವರು ಸರಾಗ ಓದುತ್ತಿದ್ದ ಲಿಪಿ ಎರಡು ತಲೆಮಾರಿನಲ್ಲಿ ನಮ್ಮ ಮನೆಯಿಂದ ಪೂರ್ತಿ ಹೋಗಿಬಿಟ್ಟಿದೆ. ಟ್ರಂಕಿನಲ್ಲಿರುವ ಹಳೆಯ ಹೊಲದ ಕಾಗದಗಳನ್ನು ನಾವು ಪೂಜೆ ಮಾಡಿ ಇಡುತ್ತೇವೆ, ಅದರಲ್ಲಿ ಏನಿದೆ ಎಂದು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ.

ಇನ್ನೂ ಕಷ್ಟದ ಕಾಗದಗಳಿವೆ. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣದ ಹತ್ತಿರದ ಗೋರಟಾದಲ್ಲಿ ರಜಾಕಾರರು ಮಾಡಿದ ಕೊಲೆಗಳನ್ನು ನಮ್ಮ ಕಡೆ ಎಲ್ಲರೂ ಕೇಳಿ ಬಲ್ಲರು, ಈಗ ಅಲ್ಲಿ ಸ್ಮಾರಕವಿದೆ. ಸೈನ್ಯ ಬಂದ ಮೇಲಿನ ವಾರಗಳಲ್ಲಿ ಬೀದರ್, ಉಸ್ಮಾನಾಬಾದ್ ಕಡೆಯ ಹಳ್ಳಿಗಳಲ್ಲಿ ಮುಸಲ್ಮಾನ ಮನೆಗಳ ಮೇಲೆ ಆದದ್ದನ್ನು ಮಾತ್ರ ಹಿರಿಯರು ಮೆಲುದನಿಯಲ್ಲಿ ಹೇಳುತ್ತಿದ್ದರು, ಅದೂ ಅರ್ಧಕ್ಕೆ ನಿಲ್ಲಿಸುತ್ತಿದ್ದರು. ಅದನ್ನು ನೋಡಿ ಬರಲು ಪ್ರಧಾನಿ ನೆಹರೂ ಸುಂದರ್‌ಲಾಲ್ ಸಮಿತಿಯನ್ನು ಕಳಿಸಿದ್ದರು. ವರದಿ ಹಲವು ದಶಕ ಹೊರಗೆ ಬರಲಿಲ್ಲ. ಈಗ ಓದಲು ಸಿಗುತ್ತದೆ. "ಎರಡೂ ಓದ್ಬೇಕಾಗ್ತದ, ಮುತ್ಯಾ. ಒಂದೇ ಓದಿದ್ರ ಪರೀಕ್ಷಕರು ಬಿಡಂಗಿಲ್ಲ" ಎಂದಳು. ನನ್ನ ತಮ್ಮ ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ. ಸ್ವಲ್ಪ ಹೊತ್ತಿಗೆ ಒಳಗೆ ಬಂದು, ಅಪ್ಪ ಆ ಸಲದ ದಸರಾಕ್ಕೆ ಯಾರ ಮನೆಗೂ ಬನ್ನಿ ಕೊಡಲು ಹೋಗಿರಲಿಲ್ಲ, ಯಾಕೆ ಎಂದು ಕೊನೆಯವರೆಗೂ ಹೇಳಲಿಲ್ಲ ಎಂದ. ಇಷ್ಟು ವರ್ಷದಲ್ಲಿ ನಾನು ಕೇಳಿರದ ಮಾತು ಅದು. ಹುಡುಗಿ ಅದನ್ನು ಬರೆದುಕೊಳ್ಳಲಿಲ್ಲ.

ಮದುವೆಯ ಮಾತನ್ನು ಅವಳ ಆಯಿ ಸಂಜೆಯ ಚಹಾದ ಹೊತ್ತಿಗೆ ತೆಗೆದರು. ನಾನು ಬ್ಯಾಂಕಿನವನು, ಆ ಖಾತೆಯ ಪಾಸ್‌ಬುಕ್ ನನ್ನ ಹತ್ತಿರ ಇಲ್ಲ ಎಂದು ಕೈ ಎತ್ತಿದೆ. ಆದರೆ ಆ ಮನೆಯಲ್ಲಿ ತೀರ್ಮಾನ ಮಾಡುವವರು ಅವರೇ ಎಂದು ಎಲ್ಲರಿಗೂ ಗೊತ್ತು. ಎರಡು ಷರತ್ತು ಹಾಕಿದರು. ಒಂದು, ಮೊದಲು ಹೈದರಾಬಾದಿಗೆ ಅರ್ಜಿ, ಅಲ್ಲಿ ಆಗದಿದ್ದರೆ ಮಾತ್ರ ದೆಹಲಿ. ಎರಡು, ಮುಂದಿನ ಎರಡು ಸಲದಲ್ಲಿ ಜೆಆರ್‌ಎಫ್ ಬರದಿದ್ದರೆ ಮತ್ತೆ ಕೂತು ಮಾತಾಡುವುದು. ಅವಳ ಅಪ್ಪ ನಾನು ಬರೆದ ಕಾಗದವನ್ನು ಮಡಚಿ ಅಂಗಡಿಯ ಗಲ್ಲಾಪೆಟ್ಟಿಗೆಯ ಅಡಿಗೆ ಇಟ್ಟ. ಅರ್ಜಿಯ ಕೊನೆಯ ದಿನಾಂಕಕ್ಕೆ ಇನ್ನು ಮೂರು ವಾರ ಇದೆ.

ಅಲ್ಲಿಯವರೆಗೆ ಅವಳು ದಿನಾ ಸಂಜೆ ಓಣಿಯ ಒಬ್ಬ ನಿವೃತ್ತ ಉರ್ದು ಶಿಕ್ಷಕಿಯ ಮನೆಗೆ ಹೋಗುತ್ತಾಳೆ. ಆಯಿಯೂ ಜೊತೆಗೆ ಹೋಗುತ್ತಾರೆ, ಕಾವಲಿಗೆ ಎಂದು. ಮೊನ್ನೆ ಫೋನಿನಲ್ಲಿ ಅವಳು ಹೇಳಿದಳು: ಉರ್ದುವಿನಲ್ಲಿ 'ಸ' ಎನ್ನಲು ಮೂರು ಅಕ್ಷರ ಇವೆಯಂತೆ, ಸೇ, ಸೀನ್, ಸ್ವಾದ್. ಯಾವ ಪದಕ್ಕೆ ಯಾವುದು ಎಂದು ಬಾಯಿಪಾಠ ಮಾಡದೆ ಗತಿಯಿಲ್ಲ. ಅವಳು ಸ್ವಾದ್‌ನಲ್ಲಿ ಸಿಕ್ಕಿಕೊಂಡಿದ್ದಾಳೆ, ಆಯಿ ಆಗಲೇ ಮುಂದಿನ ಅಕ್ಷರದಲ್ಲಿದ್ದಾರೆ.